ಗಾಳಿ ಸೋಸುವ ಹಕ್ಕಿ

ಕೊಯಮತ್ತೂರಿನ ಸಿಂಗಾನಲ್ಲೂರು ಕೆರೆ ಏರಿ. ಬೆಳಗಿನ ಆರೂವರೆ. ನೊಯ್ಯಲ್ ಹೊಳೆಯ ನೀರಿಗೆ ಊರ ಕೊಚ್ಚೆಯೂ ಸೇರಿ ಕಳೆ ದಟ್ಟವಾಗಿ ಹಬ್ಬಿದೆ. ನಡುವೆ ಉಳಿದಷ್ಟು ತೆರವಿನಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿವೆ. ತಿರುಚ್ಚಿ ರಸ್ತೆಯ ಬಸ್ಸುಗಳ ಹಾರನ್ ಇಲ್ಲಿಗೂ ಕೇಳುತ್ತದೆ. ಅಷ್ಟರಲ್ಲಿ ಮೂಡಣದಿಂದ ಗುಡುಗು ಉರುಳಿದ ಸದ್ದು. ಏರಿಯ ಮೇಲೆ ನಡೆಯಲು ಬಂದಿದ್ದ ದೇವಾಂಗರ ತಾತ ತಲೆ ಎತ್ತದೆಯೇ ಕನ್ನಡದಲ್ಲಿ ಅಂದರು: "ಸೂಲೂರಿಂದು. ನಿಮ್ಮ ಬೆಂಗಳೂರಿಂದಲೇ ಬಂದಿದ್ದು."

ಹೌದು, ತೇಜಸ್. ಎಚ್‌ಎಎಲ್ ಕಟ್ಟಿದ ಈ ವಿಮಾನಗಳ 45ನೇ ಸ್ಕ್ವಾಡ್ರನ್ 2018ರಲ್ಲಿ ಸೂಲೂರು ವಾಯುನೆಲೆಗೆ ಬಂತು. ಅಷ್ಟೆತ್ತರದಲ್ಲಿ ಪೈಲಟ್ ಉಸಿರಾಡುವುದು ಹೇಗೆ? ಸಿಲಿಂಡರ್ ಹೊತ್ತೊಯ್ಯುವುದು ಹಳೆಯ ದಾರಿ. ಡಿಆರ್‌ಡಿಒದ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ ತೇಜಸ್‌ಗಾಗಿ ಇನ್ನೊಂದು ದಾರಿ ರೂಪಿಸಿತು: ಎಂಜಿನ್ ಒತ್ತಿದ ಗಾಳಿಯನ್ನು ಜಿಯೋಲೈಟ್ ಹರಳುಗಳ ಮೂಲಕ ಹಾಯಿಸುವುದು. ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. 2025ರ ಮಾರ್ಚ್ 4ರಂದು ಪ್ರಾಯೋಗಿಕ ತೇಜಸ್ ಒಂದರಲ್ಲಿ 50,000 ಅಡಿ ಎತ್ತರದವರೆಗೆ ಇದರ ಪರೀಕ್ಷೆ ನಡೆಯಿತು.

ಆ ಹರಳು ಅದಕ್ಕೂ ಮೊದಲೇ ನೆಲಕ್ಕಿಳಿದಿತ್ತು. 2021ರ ಬೇಸಿಗೆಯಲ್ಲಿ ಈ ಕೆರೆಗೆ ದೂರವಲ್ಲದ ಇಎಸ್‌ಐ ಆಸ್ಪತ್ರೆ ಕೋವಿಡ್ ರೋಗಿಗಳಿಂದ ತುಂಬಿತ್ತು. ಮೇ 30ರಂದು ಮುಖ್ಯಮಂತ್ರಿ ಸ್ಟಾಲಿನ್ ಪಿಪಿಇ ತೊಟ್ಟು ವಾರ್ಡಿನೊಳಗೆ ಬಂದರು. ಅದೇ ಬೇಸಿಗೆಯಲ್ಲಿ ಡಿಆರ್‌ಡಿಒ ತೇಜಸ್‌ನ ತಂತ್ರವನ್ನು ನಿಮಿಷಕ್ಕೆ 1,000 ಲೀಟರ್ ಆಮ್ಲಜನಕ ಕೊಡುವ ಘಟಕವಾಗಿ ಮಾರ್ಪಡಿಸಿ ಆರ್ಡರ್ ಕೊಟ್ಟಿತು. ಅವುಗಳಲ್ಲಿ 48 ಕೊಯಮತ್ತೂರಿನದೇ ಟ್ರೈಡೆಂಟ್ ನ್ಯೂಮ್ಯಾಟಿಕ್ಸ್ ಪಾಲಿಗೆ ಬಂದವು. ಕಂಪ್ರೆಸರ್, ಪಂಪು ಮಾಡುವ ಊರಿಗೆ ಗಾಳಿ ಹಿಂಡುವುದು ಹೊಸ ವಿದ್ಯೆಯೇನಲ್ಲ.

ಉಸಿರಿಗಾಯಿತು, ರಾಕೆಟ್ಟಿಗೆ? ಒಂದು ಕಿಲೋ ಜಲಜನಕದ ಜೊತೆ ರಾಕೆಟ್ಟು ಐದಾರು ಕಿಲೋ ಆಮ್ಲಜನಕ ಒಯ್ಯುತ್ತದೆ. ಗಾಳಿಯಲ್ಲೇ ಏರುತ್ತ ಅದನ್ನು ಹೊತ್ತೊಯ್ಯುವುದೆಂದರೆ ತುಂಬಿದ ಹೊಳೆ ದಾಟುವವನು ತಲೆ ಮೇಲೆ ನೀರಿನ ಕೊಡ ಇಟ್ಟುಕೊಂಡ ಹಾಗೆ. ನಿವೃತ್ತ ಏರ್ ಕಮೊಡೋರ್ ಆರ್. ಗೋಪಾಲಸ್ವಾಮಿ 1990ರ ದಶಕದ ಕೊನೆಯಲ್ಲಿ ಮುಂದಿಟ್ಟ 'ಅವತಾರ್' ಬಾಹ್ಯಾಕಾಶ ವಿಮಾನದ ಯೋಜನೆ ಈ ಕೊಡವನ್ನೇ ಇಳಿಸಿತು. 25 ಟನ್ನಿನ ವಿಮಾನ ಆಮ್ಲಜನಕದ ಖಾಲಿ ಟ್ಯಾಂಕಿನೊಂದಿಗೆ ಓಡುದಾರಿಯಿಂದಲೇ ಏಳಬೇಕು. ಮೈನಸ್ 253 ಡಿಗ್ರಿಯ ದ್ರವ ಜಲಜನಕದ ತಣ್ಪಿನಲ್ಲಿ ಗಾಳಿಯನ್ನು ದ್ರವವಾಗಿಸಿ, ಆಮ್ಲಜನಕ ಬೇರ್ಪಡಿಸಿ, ಹಾರುತ್ತಲೇ ಟ್ಯಾಂಕು ತುಂಬಿಕೊಳ್ಳಬೇಕು. ಲೆಕ್ಕ ಸೊಗಸಾಗಿದೆ. ಆದರೆ ಶಬ್ದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ ನುಗ್ಗುವ ಗಾಳಿ ಕಾದ ಕಬ್ಬಿಣದಂತೆ ಸುಡುತ್ತದೆ. ಅದನ್ನು ಕ್ಷಣಾರ್ಧದಲ್ಲಿ ಹಿಮಕ್ಕಿಂತ ತಣ್ಣಗಾಗಿಸುವ ಹಗುರ ಯಂತ್ರ ಕಾಗದದಲ್ಲೇ ಉಳಿಯಿತು.

2016ರ ಆಗಸ್ಟ್ 28ರಂದು ಇಸ್ರೋ ಸ್ಕ್ರಾಮ್‌ಜೆಟ್ ಎಂಜಿನ್ನನ್ನು ಗಾಳಿಯ ಆಮ್ಲಜನಕದಿಂದಲೇ ಉರಿಸಿತು, ಸುಮಾರು ಐದು ಸೆಕೆಂಡು. ಕೂಡಿಡಲಿಲ್ಲ, ಉರಿಸಿತು ಅಷ್ಟೆ.

ಸದ್ದು ಪಡುವಣಕ್ಕೆ ಸರಿಯಿತು. ನೀರುಕಾಗೆಗಳು ಕದಲಲಿಲ್ಲ. ಶ್ರೀಹರಿಕೋಟಾದಿಂದ ಏಳುವ ರಾಕೆಟ್ಟಿನ ಕ್ರಯೋಜನಿಕ್ ಹಂತ ಇಂದಿಗೂ ತನ್ನ ಆಮ್ಲಜನಕವನ್ನು ನೆಲದಲ್ಲೇ ತುಂಬಿಸಿಕೊಂಡು ಹೊರಡುತ್ತದೆ.