ಗುಳಿಗೆಯೂ ಬೇಕು, ಗಂಜಿಯೂ ಬೇಕು

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ರೋಗವು ಒಮ್ಮೆ ಮನೆಯ ಹೊಸ್ತಿಲು ದಾಟಿ ಬಂದು ಹೋದ ಮೇಲೆ, ಉಳಿದ ಜೀವವನ್ನು ಕಾಪಾಡುವಷ್ಟು ಶಕ್ತಿ ಊಟಕ್ಕೆ ಉಂಟೇ? ಹೃದಯಾಘಾತದಿಂದ ಪಾರಾದ ಪ್ರತಿಯೊಬ್ಬರ ಮನೆಯಲ್ಲಿಯೂ ಏಳುವ ಪ್ರಶ್ನೆಯಿದು.

ಕಾಳೀ ನದಿಯ ದಡದ ದಾಂಡೇಲಿಯನ್ನು ತೆಗೆದುಕೊಳ್ಳೋಣ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ಊರು ಅದು. ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಂದು ನಸುಕಿನಲ್ಲಿ ಅವರಿಗೆ ಎದೆ ಹಿಂಡಿದಂತಾಯಿತು, ಮೈಯೆಲ್ಲ ಬೆವರಿತು. ಮನೆಯವರು ಹಳಿಯಾಳ, ಧಾರವಾಡಗಳನ್ನು ದಾಟಿ ಹುಬ್ಬಳ್ಳಿಗೆ ಕರೆದೊಯ್ದರು. ಮುಚ್ಚಿಹೋದ ರಕ್ತನಾಳವನ್ನು ವೈದ್ಯರು ತೆರೆದು ಸ್ಟೆಂಟ್ ಇರಿಸಿದರು. ವಾರದ ಮೇಲೆ ಅವರು ಒಂದು ಚೀಲದ ತುಂಬ ಗುಳಿಗೆಗಳೊಡನೆ ಮನೆಗೆ ಮರಳಿದ್ದಾರೆ.

ಮರುದಿನದಿಂದಲೇ ಹಿತಚಿಂತಕರ ಸಾಲು ಪ್ರಾರಂಭವಾಗುತ್ತದೆ. ಹಳಿಯಾಳದಿಂದ ಬಂದ ಅಣ್ಣನ ಮಗ ಮೀನೆಣ್ಣೆಯ ಡಬ್ಬಿಯೊಂದನ್ನು ಮುಂದಿಟ್ಟು, “ಕಾಕಾ, ಆ ಗುಳಿಗಿ ಬಿಡ್ರಿ, ಇದನ್ನ ತಗೋರಿ” ಎನ್ನುತ್ತಾನೆ. ನೆರೆಯವರು ಹೊಳೆಮತ್ತಿಯ ಚಕ್ಕೆಯ ಪುಡಿಯನ್ನು ಕೊಂಡಾಡುತ್ತಾರೆ. ಮತ್ತೊಬ್ಬರಿಗೆ ಬೆಳ್ಳುಳ್ಳಿಯೇ ಅಮೃತ. ಇವರೆಲ್ಲರ ಮಾತನ್ನು ಕೇಳುತ್ತ ಅಡಿಗೆಮನೆಯ ಬಾಗಿಲಲ್ಲಿ ನಿಂತ ಮನೆಯಾಕೆಗೆ ಒಂದೇ ಚಿಂತೆ: “ಇನ್ನು ಇವರಿಗೆ ಏನು ಬಡಿಸಲಿ?”

ಎಲ್ಲ ಸಲಹೆಗಳಿಗಿಂತಲೂ ಆಕೆಯ ಪ್ರಶ್ನೆಯೇ ಹೆಚ್ಚು ವಿವೇಕದ್ದು.

ಯಕೃತ್ತಿನ ಬಾಗಿಲುಗಳು

ಕೊಲೆಸ್ಟರಾಲ್ ಎಂಬುದು ವಿಷವಲ್ಲ. ದೇಹದ ಒಂದೊಂದು ಜೀವಕೋಶದ ಗೋಡೆಗೂ ಅದು ಬೇಕು. ಅದರ ಬಹುಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಕಣಗಳಲ್ಲಿ ಎಲ್.ಡಿ.ಎಲ್. ಎಂಬುವು ಮಿತಿಮೀರಿದಾಗ ರಕ್ತನಾಳದ ಗೋಡೆಯೊಳಗೆ ನುಸುಳಿ ಗಡ್ಡೆಗಟ್ಟುತ್ತವೆ. ಆ ಗಡ್ಡೆ ಒಂದು ದಿನ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹೃದಯಾಘಾತ.

ಈ ಎಲ್.ಡಿ.ಎಲ್. ಅನ್ನು ರಕ್ತದಿಂದ ಒಳಗೆ ಸೆಳೆದುಕೊಳ್ಳಲು ಯಕೃತ್ತಿನ ಕೋಶಗಳ ಮೇಲೆ ಬಾಗಿಲುಗಳಂತಹ ರಚನೆಗಳಿವೆ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆಣ್ಣೆ, ತುಪ್ಪ, ಕೊಬ್ಬಿನ ಮಾಂಸ, ತೆಂಗಿನೆಣ್ಣೆಗಳಲ್ಲಿ ಹೇರಳವಾಗಿರುವ ಪರ್ಯಾಪ್ತ ಕೊಬ್ಬು ಈ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಕಾಳು, ತರಕಾರಿ, ಜವೆಗೋಧಿಗಳಲ್ಲಿ ನೀರಿನಲ್ಲಿ ಕರಗುವ ನಾರಿದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ; ಕಳೆದುಹೋದ ಪಿತ್ತವನ್ನು ಮತ್ತೆ ಮಾಡಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನೇ ಬಳಸಿಕೊಳ್ಳಬೇಕಾಗುತ್ತದೆ. ತಟ್ಟೆಯಲ್ಲಿಟ್ಟ ಅನ್ನಕ್ಕೂ ರಕ್ತಪರೀಕ್ಷೆಯ ಅಂಕಿಗೂ ಇರುವ ನಂಟು ಇದು.

ಆ ಅಂಕಿ ಎಷ್ಟಿರಬೇಕು? ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ಹೃದಯಾಘಾತವಾದವರಂತಹ ಅತಿ ಹೆಚ್ಚಿನ ಅಪಾಯವುಳ್ಳವರಲ್ಲಿ ಎಲ್.ಡಿ.ಎಲ್. 55ಕ್ಕಿಂತ ಕೆಳಗಿರಬೇಕು. ಆರೋಗ್ಯವಂತನಿಗೆ ಸಹಜವೆನಿಸುವ 100 ಎಂಬ ಸಂಖ್ಯೆ ಇವರಿಗೆ ಸಾಲದು.

ಊಟದ ಬಲವೆಷ್ಟು?

ಕೆನಡಾ ದೇಶದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು ಮಾಡಿ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯವಾಗಿದೆ. ಕೊಲೆಸ್ಟರಾಲ್ ಹೆಚ್ಚಿದ್ದ 46 ಜನರಲ್ಲಿ ಕೆಲವರಿಗೆ ಸ್ಟಾಟಿನ್ ವರ್ಗದ ಗುಳಿಗೆ ಕೊಟ್ಟರು. ಕೆಲವರಿಗೆ ಜವೆಗೋಧಿ, ಓಟ್ಸ್, ಸೋಯಾ, ಬಾದಾಮಿಗಳ ಜೊತೆಗೆ ನಮ್ಮ ಬೆಂಡೆಕಾಯಿ, ಬದನೆಕಾಯಿಗಳೇ ಇದ್ದ ಊಟವನ್ನು ಕೊಟ್ಟರು. ಒಂದು ತಿಂಗಳಲ್ಲಿ ಗುಳಿಗೆಯವರ ಎಲ್.ಡಿ.ಎಲ್. ನೂರಕ್ಕೆ ಸುಮಾರು 31 ಇಳಿದರೆ, ಊಟದವರದು ಸುಮಾರು 29 ಇಳಿಯಿತು! ಆದರೆ ಆ ಊಟವನ್ನು ಅಳೆದು ತೂಗಿ ಸಂಶೋಧಕರೇ ಒದಗಿಸಿದ್ದರು. ಮುಂದೆ 2011ರಲ್ಲಿ, ಜನರು ತಮ್ಮ ತಮ್ಮ ಮನೆಯಲ್ಲಿಯೇ ಅದನ್ನು ಅನುಸರಿಸಿದಾಗ ಇಳಿತವು 13ರ ಸುಮಾರಿಗೆ ನಿಂತಿತು. ಮನುಷ್ಯನ ನಾಲಗೆಯ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ.

ಫ್ರಾನ್ಸಿನ ಲಿಯಾನ್ ನಗರದ ಪ್ರಯೋಗ ಇನ್ನೂ ವಿಚಿತ್ರ. ಮೊದಲ ಹೃದಯಾಘಾತದಿಂದ ಉಳಿದ 605 ಜನರಲ್ಲಿ ಒಂದು ಗುಂಪಿಗೆ ಬೆಣ್ಣೆ ಕೆನೆಗಳನ್ನು ಬಿಡಿಸಿ, ಕಾಯಿಪಲ್ಯ, ಹಣ್ಣು, ಕಾಳು, ಮೀನು, ಸಾಸಿವೆಯ ಜಾತಿಯ ಎಣ್ಣೆಯಿಂದಾದ ಜಿಡ್ಡು ಇವನ್ನು ರೂಢಿಸಿದರು. 1999ರಲ್ಲಿ ಪ್ರಕಟವಾದ ಕೊನೆಯ ವರದಿಯಂತೆ, ಆ ಗುಂಪಿನಲ್ಲಿ ಮತ್ತೆ ಆಘಾತವಾಗುವುದೂ ಹೃದ್ರೋಗದಿಂದ ಸಾಯುವುದೂ ಅರ್ಧಕ್ಕಿಂತಲೂ ಕಡಿಮೆಯಾಗಿದ್ದವು. ಆಶ್ಚರ್ಯವೆಂದರೆ ಎರಡೂ ಗುಂಪುಗಳ ಕೊಲೆಸ್ಟರಾಲ್ ಹೆಚ್ಚುಕಡಿಮೆ ಒಂದೇ ಆಗಿದ್ದಿತು. ಒಳ್ಳೆಯ ಊಟದ ಉಪಕಾರ ಪ್ರಯೋಗಶಾಲೆಯ ಚೀಟಿಯಲ್ಲಿ ಪೂರ್ತಿಯಾಗಿ ಕಾಣಿಸುವುದಿಲ್ಲವೆಂಬುದು ಇದರ ಪಾಠ.

ನಾಲ್ಕು ತಾಲ್ಲೂಕುಗಳ ತಟ್ಟೆ

ಈ ಉಪಕಾರವನ್ನು ಪಡೆಯಲು ಲಿಯಾನಿಗೆ ಹೋಗಬೇಕಾಗಿಲ್ಲ. ಮಲೆನಾಡೂ ಬಯಲುಸೀಮೆಯೂ ಕೈಕುಲುಕುವ ಹಳಿಯಾಳದ ಕಡೆ ಜೋಳದ ರೊಟ್ಟಿಯ ಮಗ್ಗುಲಲ್ಲಿ ಅಗಸಿಯ ಚಟ್ನಿಪುಡಿ ಇರುತ್ತದೆ. ಲಿಯಾನಿನ ವೈದ್ಯರು ಜಿಡ್ಡಿನಲ್ಲಿ ಸೇರಿಸಿದ ಒಮೇಗಾ-3 ವರ್ಗದ ಕೊಬ್ಬು ಅಗಸಿಯಲ್ಲಿ ಧಾರಾಳವಾಗಿದೆ. ಇಡಿಯ ಬೀಜವನ್ನು ನುಂಗಿದರೆ ಅದು ಹಾಗೆಯೇ ಹೊರಬೀಳುವುದರಿಂದ, ಹುರಿದು ಕುಟ್ಟಿ ಪುಡಿಮಾಡುವ ನಮ್ಮ ಹೆಂಗಸರ ಕ್ರಮವೇ ಸರಿಯಾದದ್ದು. ಉಪ್ಪನ್ನು ಮಾತ್ರ ಕೈಹಿಡಿದು ಹಾಕಬೇಕು. ಬಸ್ ನಿಲ್ದಾಣದ ಮಿರ್ಚಿಭಜಿ, ಬೇಕರಿಯ ಖಾರಿಗಳನ್ನು ದೂರವಿಡುವುದು ಲೇಸು. ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದೆಂದು ತಿಳಿದೇ ನಮ್ಮ ದೇಶದಲ್ಲಿ 2022ರಿಂದ ಅದನ್ನು ನೂರಕ್ಕೆ 2ಕ್ಕೆ ಮಿತಿಗೊಳಿಸಲಾಗಿದೆ.

ಜೋಯಿಡಾದ ಕುಣಬಿಗಳು ಕಾಡಿನ ನಡುವೆ ಬೆಳೆಯುವ ಗಡ್ಡೆಗೆಣಸುಗಳ ವೈವಿಧ್ಯ ಅಲ್ಲಿನ ಗಡ್ಡೆಗೆಣಸಿನ ಮೇಳದಲ್ಲಿ ಕಣ್ತುಂಬ ಕಾಣಸಿಗುತ್ತದೆ. ಗೆಣಸನ್ನು ಬೇಯಿಸಿ, ಅನ್ನವನ್ನು ಅಷ್ಟರಮಟ್ಟಿಗೆ ಕಡಿಮೆಮಾಡಿ ಉಂಡರೆ ನಾರೂ ದೊರೆಯುತ್ತದೆ, ಹೊಟ್ಟೆಯೂ ತುಂಬುತ್ತದೆ. ಕರಿದು ತಿಂದರೆ ಗುಣ ಹೋಗಿ ಎಣ್ಣೆ ಉಳಿಯುತ್ತದೆ. ಅನ್ನದ ಮೇಲೆ ಅನ್ನ, ಅದರ ಮೇಲೆ ಸಕ್ಕರೆಯ ಚಹಾ ಎಂಬ ಪದ್ಧತಿ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬನ್ನು ಏರಿಸುತ್ತದೆ. ಸಕ್ಕರೆ ಕಾಯಿಲೆಯುಳ್ಳವರು ಗೆಣಸಿನ ಪ್ರಮಾಣವನ್ನೂ ವೈದ್ಯರಲ್ಲಿ ಕೇಳಬೇಕು.

ಕಾಳಿ ಹರಿದು ಸೇರುವ ಕಾರವಾರದ ಕಡಲಿನಲ್ಲಿ ಬಂಗಡೆ, ತಾರ್ಲೆ ಮೀನುಗಳಿವೆ. ಮೀನುಣ್ಣುವವರು ವಾರಕ್ಕೆರಡು ಸಲ ಇವನ್ನು ಸಾರು ಮಾಡಿ ಉಣ್ಣಬಹುದು. ಆದರೆ ತೆಂಗಿನೆಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬೆಂಬುದನ್ನು ಕರಾವಳಿಯ ಅಭಿಮಾನದಲ್ಲಿ ಮರೆಯಲಾಗದು. ಒಗ್ಗರಣೆಗೆ ಶೇಂಗಾ ಅಥವಾ ಕುಸುಬೆಯ ಎಣ್ಣೆ ಮೇಲು.

ಮುಂಡಗೋಡಿನ ಕತೆ ಬೇರೆ. 1966ರಲ್ಲಿ ಅಲ್ಲಿ ನೆಲೆಗೊಂಡ ಟಿಬೆಟಿನವರು ಹಿಮದ ನಾಡಿನಿಂದ ಎರಡು ಪದಾರ್ಥಗಳ ರುಚಿಯನ್ನು ತಂದರು: ಹುರಿದ ಜವೆಗೋಧಿಯ ಹಿಟ್ಟಾದ ತ್ಸಂಪಾ, ಮತ್ತು ಉಪ್ಪು ಬೆಣ್ಣೆ ಬೆರೆಸಿದ ಚಹಾ. ಜವೆಯಲ್ಲಿನ ಬೀಟಾ-ಗ್ಲುಕಾನ್ ಎಂಬ ನಾರು ದಿನಕ್ಕೆ 3 ಗ್ರಾಮಿನಷ್ಟು ದೊರೆತರೆ ಎಲ್.ಡಿ.ಎಲ್. ಅಷ್ಟಿಷ್ಟು ಇಳಿಯುತ್ತದೆ, ಬೆಣ್ಣೆಯಲ್ಲಿಯೋ, ತೂಕದ ಸುಮಾರು ಅರ್ಧ ಪರ್ಯಾಪ್ತ ಕೊಬ್ಬು. ಒಂದೇ ಅಡಿಗೆಮನೆಯಲ್ಲಿ ಮದ್ದೂ ಇದೆ, ಅಪಥ್ಯವೂ ಇದೆ! ಟಿಬೆಟಿನವರಿಗೆ ಮಾತ್ರವಲ್ಲ, ತುಪ್ಪವಿಲ್ಲದೆ ಹೋಳಿಗೆಯನ್ನು ಮುಟ್ಟದ ನಮಗೂ ಈ ಮಾತು ಸಲ್ಲುತ್ತದೆ. ಹೃದ್ರೋಗಿಯ ಮನೆಯಲ್ಲಿ ಜವೆಯ ಗಂಜಿ ಉಳಿಯಲಿ, ಬೆಣ್ಣೆ ಹಿಂದೆ ಸರಿಯಲಿ.

ಡಬ್ಬಿಯೊಳಗಿನ ಭರವಸೆ

ಇನ್ನು ಅಣ್ಣನ ಮಗ ತಂದ ಡಬ್ಬಿಯ ವಿಚಾರ. ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯಜನ್ಯ ಸ್ಟೆರಾಲ್, ಕೆಂಪು ಯೀಸ್ಟಿನ ಅಕ್ಕಿ ಎಂಬ ಆರು ಪೂರಕಗಳನ್ನು ಅಮೆರಿಕದ ವೈದ್ಯರು ಸ್ಟಾಟಿನ್ ಗುಳಿಗೆಯೊಡನೆ ಹೋಲಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 28 ದಿನಗಳಲ್ಲಿ ಕೇವಲ 5 ಮಿಲಿಗ್ರಾಮಿನ ರೋಸುವಾಸ್ಟಾಟಿನ್ ಎಲ್.ಡಿ.ಎಲ್. ಅನ್ನು ನೂರಕ್ಕೆ ಸುಮಾರು 38ರಷ್ಟು ಇಳಿಸಿತು. ಆರು ಪೂರಕಗಳಲ್ಲಿ ಒಂದೂ ಬರಿಯ ಹುಸಿಗುಳಿಗೆಗಿಂತ ಗಣನೀಯವಾಗಿ ಮೇಲಾಗಲಿಲ್ಲ. ಮೀನೆಣ್ಣೆ ಹೆಚ್ಚು ಪ್ರಮಾಣದಲ್ಲಿ ಹೃದಯದ ಬಡಿತದ ಲಯವನ್ನು ಕೆಡಿಸುವ ಸಂಭವವೂ ಉಂಟು. ಕೆಂಪು ಯೀಸ್ಟಿನ ಅಕ್ಕಿಯಲ್ಲಿ ಸ್ಟಾಟಿನ್ ಅಂಶವೇ ಅಳತೆಯಿಲ್ಲದೆ ಇರುವುದರಿಂದ, ಗುಳಿಗೆಯ ಜೊತೆಗೆ ಅದನ್ನೂ ತೆಗೆದುಕೊಂಡರೆ ಸ್ನಾಯುಗಳಿಗೆ ಹಾನಿ. ಹೊಳೆಮತ್ತಿಯ ಚಕ್ಕೆಗೆ ಆಯುರ್ವೇದದಲ್ಲಿ ಮಾನ್ಯತೆ ಇದೆಯಾದರೂ, ಸ್ಟಾಟಿನ್ನಿನ ಜಾಗದಲ್ಲಿ ಅದನ್ನು ಕೂರಿಸಲು ತಕ್ಕ ಆಧಾರವಿಲ್ಲ.

ಪೂರಕಗಳಲ್ಲಿ ಒಂದಕ್ಕೆ ಮಾತ್ರ ಒಳ್ಳೆಯ ಮಾತು ಸಲ್ಲಬೇಕು. ಅದು ಅಗ್ಗದ ಇಸಬ್‌ಗೋಲ್. ದಿನಕ್ಕೆ 10 ಗ್ರಾಮಿನಷ್ಟನ್ನು ಧಾರಾಳವಾದ ನೀರಿನಲ್ಲಿ, ಗುಳಿಗೆಗಳ ಹೊತ್ತನ್ನು ತಪ್ಪಿಸಿ ತೆಗೆದುಕೊಂಡರೆ ಎಲ್.ಡಿ.ಎಲ್. ಸ್ವಲ್ಪ ಇಳಿಯುತ್ತದೆ. ಅದೂ ಗುಳಿಗೆಯ ಸಹಾಯಕನೇ ಹೊರತು ಉತ್ತರಾಧಿಕಾರಿಯಲ್ಲ.

ಗುಳಿಗೆಯ ಹುಟ್ಟಾದರೂ ನಿಸರ್ಗದಿಂದಲೇ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ ಮೊದಲ ಸ್ಟಾಟಿನ್ನನ್ನು ಬೇರ್ಪಡಿಸಿದರು. 1994ರಲ್ಲಿ ಉತ್ತರ ಯೂರೋಪಿನ 4,444 ಹೃದ್ರೋಗಿಗಳ ಮೇಲಿನ ಅಧ್ಯಯನವು, ಈ ವರ್ಗದ ಔಷಧ ಪಡೆದವರಲ್ಲಿ ಮರಣಗಳು ನೂರಕ್ಕೆ 30 ಕಡಿಮೆಯಾದುದನ್ನು ತೋರಿಸಿತು.

ಮೂರನೆಯ ತಿಂಗಳ ಚೀಟಿ

ನಮ್ಮ ದಾಂಡೇಲಿಯ ಹಿರಿಯರಿಗೆ ನಿಜವಾದ ಗಂಡಾಂತರ ಬರುವುದು ಮೂರನೆಯ ತಿಂಗಳಿನಲ್ಲಿ. ಪಥ್ಯವೂ ಗುಳಿಗೆಯೂ ಸೇರಿ ಅಂಕಿಯನ್ನು 52ಕ್ಕೆ ಇಳಿಸಿರುತ್ತವೆ. ಚೀಟಿಯನ್ನು ನೋಡಿ ಮನೆಯಲ್ಲಿ ಸಂತೋಷ. “ಕೊಬ್ಬು ಇಳಿದೇ ಹೋಯಿತಲ್ಲ, ಇನ್ನು ಗುಳಿಗೆ ಏತಕ್ಕೆ?” ಎಂಬ ಮಾತು ಆ ಸಂತೋಷದ ನಡುವೆಯೇ ಹುಟ್ಟುತ್ತದೆ.

ಜೋಯಿಡಾ ತಾಲ್ಲೂಕಿನಲ್ಲಿ ಕಾಳಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟು ನಿಂತಿದೆ. ಕೆಳಗಿನ ಹೊಳೆ ಶಾಂತವಾಗಿದೆಯೆಂದು ಅಣೆಕಟ್ಟನ್ನು ಒಡೆಯುವವರುಂಟೆ? ಸ್ಟಾಟಿನ್ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್.ಡಿ.ಎಲ್. ಹಳೆಯ ಮಟ್ಟಕ್ಕೆ ಏರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಗಳನ್ನು ತಾವಾಗಿಯೇ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಬಹುದು. ಮೈಕೈ ನೋವು ಕಾಣಿಸಿದರೆ ಗುಳಿಗೆಯನ್ನು ಎಸೆಯದೆ ವೈದ್ಯರಿಗೆ ಹೇಳಬೇಕು. ಪ್ರಮಾಣವನ್ನು ತಗ್ಗಿಸುವ, ಬೇರೆ ಔಷಧವನ್ನು ಕೊಡುವ ದಾರಿಗಳು ಅವರಲ್ಲಿವೆ.

ಮನೆಯಾಕೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಬೆಳಿಗ್ಗೆ ಜವೆಯ ಗಂಜಿ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಬೆಂಡೆಕಾಯಿಯ ಪಲ್ಯ, ಒಂದು ಬಟ್ಟಲು ಕಾಳಿನ ಸಾರು, ಒಂದು ಚಮಚ ಅಗಸಿಯ ಪುಡಿ. ಒಪ್ಪುವವರಿಗೆ ವಾರಕ್ಕೆರಡು ದಿನ ಬಂಗಡೆ. ರಾತ್ರಿ ಹಗುರವಾದ ಊಟ. ಅದು ಮುಗಿದ ಮೇಲೆ ಒಂದು ಲೋಟ ನೀರು, ವೈದ್ಯರು ಬರೆದ ಗುಳಿಗೆ. ಈ ಊಟವನ್ನು ಹಿರಿಯರೊಬ್ಬರಿಗೇ ಬೇರೆಯಾಗಿ ಮಾಡದೆ ಮನೆಮಂದಿಯೆಲ್ಲ ಕುಳಿತು ಉಂಡರೆ, ಅಣ್ಣನ ಮಗನೂ ಮುಂದೊಂದು ದಿನ ಅದೇ ಚೀಲವನ್ನು ಹೊರುವುದು ತಪ್ಪೀತು.