ಹರಿದ ಹಾಳೆಗಳನ್ನು ಉಳಿಸಿದ ವಿದ್ವಾಂಸ

ದೇವರ ಹೆಸರಿರುವ ಬರಹವನ್ನು ಸುಡಬಾರದು, ಕಸಕ್ಕೆ ಎಸೆಯಬಾರದು ಎಂಬುದು ಯೆಹೂದಿಗಳ ಹಳೆಯ ಕಟ್ಟಳೆ. ಓದಿ ಓದಿ ಸವೆದ ಗ್ರಂಥಗಳನ್ನು ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಕೂಡಿಟ್ಟು, ಆಮೇಲೆ ಸ್ಮಶಾನದಲ್ಲಿ ಹೂಳುವುದು ವಾಡಿಕೆ. ಆ ಕೋಣೆಯ ಹೆಸರು ‘ಗೆನಿಜಾ’. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮವರಿಗೆ ಈ ಭಾವನೆ ಅಪರಿಚಿತವಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದಲ್ಲಿ ಮಾತ್ರ ಕೂಡಿಟ್ಟದ್ದು ಹೆಚ್ಚಾಗಿ ಅಲ್ಲಿಯೇ ಉಳಿಯಿತು. ಸುಮಾರು 1,000 ವರ್ಷಗಳ ಕಾಗದ, ಚರ್ಮದ ಹಾಳೆಗಳು ರಾಶಿ ಬಿದ್ದು, ಈಜಿಪ್ಟಿನ ಒಣ ಹವೆಯಲ್ಲಿ ಕೊಳೆಯದೆ ಉಳಿದವು. ಆ ರಾಶಿಯ ಬಹುಭಾಗವನ್ನು ಲೋಕದ ವಿದ್ವತ್ತಿಗೆ ದೊರಕಿಸಿಕೊಟ್ಟವರು ಸಾಲೊಮನ್ ಶೆಕ್ಟರ್.

ಶೆಕ್ಟರ್ ಹುಟ್ಟಿದ್ದು 1847ರಲ್ಲಿ, ರುಮೇನಿಯದ ಫೋಕ್ಷಾನಿಯಲ್ಲಿ. ವಿಯೆನ್ನಾ, ಬರ್ಲಿನ್‌ಗಳಲ್ಲಿ ಓದಿ 1882ರಲ್ಲಿ ಲಂಡನ್ನಿಗೆ ಬಂದರು. 1890ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ತಾಲ್ಮುಡ್ ಸಾಹಿತ್ಯದ ಅಧ್ಯಾಪಕರಾದರು. ತಾಲ್ಮುಡ್ ಯೆಹೂದಿಗಳ ಧರ್ಮಶಾಸ್ತ್ರ ಮತ್ತು ಅದರ ಚರ್ಚೆಗಳ ಬೃಹತ್ ಸಂಗ್ರಹ. ಅದರ ಒಂದೇ ಪುಟದಲ್ಲಿ ಹೀಬ್ರೂ, ಅರಮೇಯಿಕ್ ಎರಡೂ ಬೆರೆತಿರುತ್ತವೆ. ಇವೆರಡೂ ಒಂದೇ ಕುಟುಂಬದ ಭಾಷೆಗಳು. ಹೀಬ್ರೂ ವೇದಗ್ರಂಥದ ಭಾಷೆಯಾದರೆ, ಅರಮೇಯಿಕ್ ಪಶ್ಚಿಮ ಏಷ್ಯಾದ ಉದ್ದಗಲಕ್ಕೂ ಶತಮಾನಗಳ ಕಾಲ ಜನರ ಆಡುಮಾತಾಗಿದ್ದದ್ದು; ಯೇಸು ಆಡುತ್ತಿದ್ದ ಭಾಷೆಯೂ ಅದೇ. ಇವುಗಳ ನಡುವೆ ಸಲೀಸಾಗಿ ಓಡಾಡಬಲ್ಲ, ಕೈಬರಹ ನೋಡಿ ಕಾಲ ಊಹಿಸಬಲ್ಲ ಕೆಲವೇ ಪಂಡಿತರಲ್ಲಿ ಶೆಕ್ಟರ್ ಒಬ್ಬರಾಗಿದ್ದರು.

1896ರ ಮೇ ತಿಂಗಳಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪೂರ್ವದೇಶಗಳ ಪ್ರವಾಸದಲ್ಲಿ ಕೊಂಡಿದ್ದ ಕೆಲವು ಹಾಳೆಗಳನ್ನು ಶೆಕ್ಟರ್ ಅವರಿಗೆ ತೋರಿಸಿದರು. ಅದರಲ್ಲೊಂದು ‘ಬೆನ್ ಸಿರಾ’ ಎಂಬ ನೀತಿಗ್ರಂಥದ ತುಣುಕು. ಕ್ರಿಸ್ತಪೂರ್ವ 2ನೆಯ ಶತಮಾನದ ಈ ಕೃತಿಯ ಗ್ರೀಕ್ ಅನುವಾದ ಉಳಿದಿತ್ತು. ಹೀಬ್ರೂ ಮೂಲ ಕಳೆದುಹೋಗಿ ಶತಮಾನಗಳೇ ಸಂದಿದ್ದವು. ಇಂಥ ಹಾಳೆಗಳ ಮೂಲ ಕೈರೋದ ಆ ಕೋಣೆಯೇ ಇರಬೇಕೆಂದು ಶೆಕ್ಟರ್ ತರ್ಕಿಸಿದರು. ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್ ಹಣ ಒದಗಿಸಿದರು. ಡಿಸೆಂಬರಿನಲ್ಲಿ ಶೆಕ್ಟರ್ ಕೈರೋಗೆ ಹೊರಟರು.

ಕೋಣೆಗೆ ಬಾಗಿಲಿರಲಿಲ್ಲ. ಏಣಿ ಹತ್ತಿ, ಗೋಡೆಯಲ್ಲಿದ್ದ ಕಿಂಡಿಯ ಮೂಲಕ ಇಳಿಯಬೇಕಿತ್ತು. ಒಳಗೆ ಧರ್ಮಗ್ರಂಥ, ಲಗ್ನಪತ್ರ, ಸಾಲಪತ್ರ, ಮಕ್ಕಳ ಅಕ್ಷರಾಭ್ಯಾಸದ ಹಾಳೆ ಎಲ್ಲವೂ ಕಲಸಿಹೋಗಿದ್ದವು. ಶತಮಾನಗಳ ಧೂಳು ಅವರ ಆರೋಗ್ಯವನ್ನು ಕೆಡಿಸಿತು. ಕೂತು ಆರಿಸುವಂತಿರಲಿಲ್ಲ, ಮುದ್ರಿತ ಹಾಳೆಗಳನ್ನು ಆದಷ್ಟು ಬಿಟ್ಟು, ಕೈಬರಹವನ್ನೆಲ್ಲ ಮೂಟೆ ಕಟ್ಟಿದರು. ಕೇಂಬ್ರಿಜ್‌ನಲ್ಲಿರುವ ‘ಟೇಲರ್–ಶೆಕ್ಟರ್’ ಸಂಗ್ರಹದಲ್ಲಿ ಸುಮಾರು 1,93,000 ತುಣುಕುಗಳಿವೆ.

ಬೆನ್ ಸಿರಾದ ಇನ್ನಷ್ಟು ಹಾಳೆಗಳು ಈ ರಾಶಿಯಲ್ಲಿ ಸಿಕ್ಕವು. ಅದು ಮೂಲವಲ್ಲ, ಬೇರೆ ಭಾಷೆಯಿಂದ ಹೀಬ್ರೂಗೆ ಮರಳಿ ತಂದ ಅನುವಾದ ಎಂದು ಆಕ್ಸ್‌ಫರ್ಡಿನ ಮಾರ್ಗೋಲಿಯತ್ ವಾದಿಸಿದರು. 1964ರಲ್ಲಿ ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸುಮಾರು 2,000 ವರ್ಷ ಹಳೆಯ ಹೀಬ್ರೂ ಪ್ರತಿಯೊಂದು ದೊರೆತಾಗ ಶೆಕ್ಟರ್ ಅವರ ಪಕ್ಷವೇ ಗಟ್ಟಿಯಾಯಿತು. 1910ರಲ್ಲಿ ಅವರು ಅಜ್ಞಾತ ಯೆಹೂದಿ ಪಂಥವೊಂದರ ನಿಯಮಗಳನ್ನು ಪ್ರಕಟಿಸಿದ್ದರು. ಅದೇ ಗ್ರಂಥದ ತೀರ ಹಳೆಯ ಪ್ರತಿಗಳು ಮುಂದೆ ಮೃತಸಮುದ್ರದ ಗುಹೆಗಳಲ್ಲಿ ಸಿಕ್ಕವು.

ಧರ್ಮಗ್ರಂಥಗಳಿಗೆ ಸಿಕ್ಕ ಗಮನ ಬಾಕಿ ಚೂರುಪಾರುಗಳಿಗೆ ಬಹುಕಾಲ ಸಿಗಲಿಲ್ಲ. ಎಷ್ಟೋ ತುಣುಕುಗಳು ಪೆಟ್ಟಿಗೆಗಳಲ್ಲೇ ಬಿದ್ದಿದ್ದವು. 20ನೆಯ ಶತಮಾನದ ನಡುವಿನಲ್ಲಿ ಎಸ್. ಡಿ. ಗೊಯ್‌ಟೈನ್ ಎಂಬ ವಿದ್ವಾಂಸರು ವರ್ತಕರ ಪತ್ರಗಳನ್ನು ಓದತೊಡಗಿದಾಗ ಅವುಗಳ ಬೆಲೆ ತಿಳಿಯಿತು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಂತೆ, ಅರಬ್ಬಿಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಪತ್ರಗಳವು. ಅವುಗಳಲ್ಲಿ ಮಂಗಳೂರಿನ ಹೆಸರೂ ಇತ್ತು!

12ನೆಯ ಶತಮಾನದಲ್ಲಿ ಟ್ಯುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಇಲ್ಲಿಂದ ಅಡಿಕೆ, ಮೆಣಸು, ಕಬ್ಬಿಣ ಏಡನ್ ಬಂದರಿಗೆ ಹೋಗುತ್ತಿದ್ದವು; ಅಲ್ಲಿಂದ ಸ್ನೇಹಿತರು ಬರೆಯುವ ಕಾಗದ, ಸಕ್ಕರೆ, ದ್ರಾಕ್ಷಿ ಕಳಿಸುತ್ತಿದ್ದರು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರೂ ಪತ್ರಗಳಲ್ಲಿದೆ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಅದನ್ನು ಓದುವುದೇ ಕಷ್ಟವಾಗಿತ್ತು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು, ಬಿ. ಎ. ವಿವೇಕ ರೈ ಅವರೊಂದಿಗೆ ಚರ್ಚಿಸಿ, ಅದು ‘ಬೊಮ್ಮ’ ಎಂಬ ತುಳುನಾಡಿನ ಹೆಸರೆಂದು 1992ರ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಶಾಸನಗಳಲ್ಲಿ ಅರಸರ, ದಾನಿಗಳ ಹೆಸರು ಉಳಿಯುತ್ತದೆ. ಬೊಮ್ಮನಂಥವರ ಹೆಸರು ಉಳಿಯುವುದು ಲೆಕ್ಕಪತ್ರಗಳಲ್ಲಿ, ಓಲೆಗಳಲ್ಲಿ. ಆದರೆ ಮೊದಲು ಹಾಳಾಗುವುದೂ ಅವೇ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಶೆಕ್ಟರ್ ಆ ಕತ್ತಲ ಕೋಣೆಯಲ್ಲೇ ತೀರ್ಮಾನಿಸಿದ್ದರೆ ವರ್ತಕರ ಎಷ್ಟೋ ಪತ್ರಗಳು ಅಲ್ಲೇ ಉಳಿಯುತ್ತಿದ್ದವು.

1902ರಲ್ಲಿ ನ್ಯೂಯಾರ್ಕಿನ ಯೆಹೂದಿ ಧರ್ಮಶಾಸ್ತ್ರ ವಿದ್ಯಾಪೀಠದ ಅಧ್ಯಕ್ಷರಾಗಿ ಹೋದ ಶೆಕ್ಟರ್ 1915ರಲ್ಲಿ ಅಲ್ಲೇ ತೀರಿಕೊಂಡರು. ಮಂಗಳೂರಿನ ಪತ್ರಗಳನ್ನು ಓದುವ ಅವಕಾಶ ಅವರಿಗೆ ಒದಗಲಿಲ್ಲ. ಇಂದು ಆ ತುಣುಕುಗಳ ಛಾಯಾಚಿತ್ರಗಳು ಕಂಪ್ಯೂಟರಿನಲ್ಲಿ ಲಭ್ಯವಿವೆ. ಬೇರೆ ಬೇರೆ ದೇಶಗಳಿಗೆ ಚದುರಿಹೋದ ಒಂದೇ ಪತ್ರದ ಚೂರುಗಳನ್ನು ವಿದ್ವಾಂಸರು ಜೋಡಿಸುತ್ತಲೇ ಇದ್ದಾರೆ.