ಬಿಚ್ಚಿ ನೋಡದೆ ಬಂಪರ್ ಬದಲಿಸಬೇಡಿ

ಬೆಂಗಳೂರಿನಿಂದ ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ ದಾಟಿ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75 ಟರ್ಬೊ ಕಾರು ಇಟ್ಟುಕೊಂಡವರಿಗೆ ಇಷ್ಟದ ದಾರಿ. ತೊಂದರೆ ಶುರುವಾಗುವುದು ಹೆದ್ದಾರಿ ಬಿಟ್ಟ ಮೇಲೆ. ಮೊಸಳೆಹೊಸಹಳ್ಳಿ ಮೇಲೆ ಹೊಳೆನರಸೀಪುರಕ್ಕೋ, ಗೊರೂರು ಮೇಲೆ ಅರಕಲಗೂಡಿಗೋ ಹೊರಟರೆ ಊರು ಬಂದಾಗಲೆಲ್ಲ ಹಂಪ್, ಶಾಲೆಯ ಮುಂದೆ ಇನ್ನೊಂದು, ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹರಡಿದ ರಾಗಿ, ಹುರುಳಿ. ಪೋಲೋ ಜಿಟಿ, ಐ20 ಎನ್ ಲೈನ್, ವರ್ಟಸ್ ಜಿಟಿ, ಆಕ್ಟೇವಿಯಾ ಆರ್‌ಎಸ್ ಥರದ ಕಾರುಗಳಲ್ಲಿ ಮೊದಲ ಏಟು ತಿನ್ನುವುದು ಮುಂದಿನ ಬಂಪರಿನ ಕೆಳ ಅಂಚು.

ಏಟು ಬಿದ್ದ ಮೇಲೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. "ಏನೂ ಆಗಿಲ್ಲ, ಪಾಲಿಶ್ ಹೊಡೆಸಿ ಸಾಕು" ಎನ್ನುವವರು ಕೆಲವರು, "ಪೂರ್ತಿ ಬದಲಿಸಿಬಿಡಿ" ಎನ್ನುವವರು ಕೆಲವರು. ಎರಡನ್ನೂ ಬಂಪರ್ ಬಿಚ್ಚುವ ಮೊದಲೇ ಹೇಳಿಬಿಡುತ್ತಾರೆ. ಬಂಪರಿನ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳಿಂದ ಒಳ್ಳೆಯ ಕಾರುಗಳು ಹಾಳಾಗುತ್ತವೆ, ಜನರ ದುಡ್ಡೂ ಹೋಗುತ್ತದೆ.

ತಪ್ಪು ಕಲ್ಪನೆ: ಹೊರಗೆ ಗೀರು ಮಾತ್ರ ಕಾಣುತ್ತಿದೆ ಎಂದರೆ ಒಳಗೆಲ್ಲ ಸರಿಯಿದೆ.

ವಾಸ್ತವ: ನಾವು ಬಂಪರ್ ಎಂದು ಕರೆಯುವುದು ಬರೀ ಹೊದಿಕೆ. ಹಳೆಯ ಅಂಬಾಸಿಡರ್‌ನಲ್ಲಿ ಹೊಳೆಯುವ ಉಕ್ಕಿನ ಪಟ್ಟಿಯೇ ಬಂಪರ್ ಆಗಿತ್ತು. ಏಟು ಎಷ್ಟು ಬಿತ್ತೆಂದು ಅದರ ನೆಗ್ಗೇ ಹೇಳುತ್ತಿತ್ತು. ಈಗಿನ ಪ್ಲಾಸ್ಟಿಕ್ ಹೊದಿಕೆ ಒಳಕ್ಕೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಚಿಮ್ಮಿಕೊಳ್ಳುತ್ತದೆ. ಅದು ಬಾಗಿದ ಆ ಕ್ಷಣದಲ್ಲಿ ಹಿಂದೆ ಏನು ಒತ್ತಿಹೋಯಿತು ಎನ್ನುವುದು ಹೊರಗಿನಿಂದ ತಿಳಿಯುವುದಿಲ್ಲ.

ಹೊದಿಕೆಯ ಹಿಂದೆ ಪೆಟ್ಟು ಹೀರಿಕೊಳ್ಳುವ ಫೋಮ್, ಅದರ ಹಿಂದೆ ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಅಡ್ಡ ಬೀಮ್, ಆಮೇಲೆ ಎಸಿಯ ಕಂಡೆನ್ಸರ್, ಅದಕ್ಕೂ ಹಿಂದೆ ರೇಡಿಯೇಟರ್. ಟರ್ಬೊ ಕಾರುಗಳಲ್ಲಿ ಇನ್ನೊಂದು ಭಾಗವನ್ನೂ ನೋಡಬೇಕು. ಆಕ್ಟೇವಿಯಾ ಆರ್‌ಎಸ್‌ನಂಥ ಕಾರುಗಳಲ್ಲಿ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮುಂದುಗಡೆಯೇ ಇರುತ್ತದೆ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ 1.0 ಟಿಎಸ್‌ಐ ಎಂಜಿನ್ನಿನಲ್ಲಿ ಅದು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲೇ ಸೇರಿದ್ದು ನೀರಿನಿಂದ ತಣಿಯುತ್ತದೆ, ಆದರೆ ಆ ನೀರನ್ನು ತಣಿಸುವ ಪುಟ್ಟ ರೇಡಿಯೇಟರ್ ಇರುವುದು ಮತ್ತೆ ಮುಂದೆಯೇ. ಕಂಡೆನ್ಸರಿನ ತೆಳು ರೆಕ್ಕೆಗಳು ಬೆರಳಿನಲ್ಲಿ ಒತ್ತಿದರೂ ಬಾಗುತ್ತವೆ. ಟ್ಯೂಬಿನಲ್ಲಿ ಸಣ್ಣ ಬಿರುಕು ಬಿಟ್ಟರೆ ಗ್ಯಾಸ್ ನಿಧಾನವಾಗಿ ಸೋರಿ, ವಾರಗಳ ನಂತರ ಎಸಿ ತಣ್ಣಗಾಗುವುದು ನಿಂತಾಗ ಹಂಪಿನ ಏಟು ಯಾರಿಗೂ ನೆನಪಿರುವುದಿಲ್ಲ.

ಹಾಗಾಗಿ ಚಿಕ್ಕ ಏಟಾದರೂ ಬಂಪರ್ ಕಳಚಿಸಿ ನೋಡಿ. ಕಂಡೆನ್ಸರ್ ಮೇಲೆ ಎಣ್ಣೆಯ ಕಲೆ ಇದೆಯೇ, ರೇಡಿಯೇಟರಿನ ಕೆಳ ಹೋಸ್ ತೇವವಾಗಿದೆಯೇ, ಫೋಮ್ ಪುಡಿಯಾಗಿದೆಯೇ, ಬೀಮ್ ಎರಡೂ ಬದಿಯಲ್ಲಿ ಒಂದೇ ದೂರದಲ್ಲಿದೆಯೇ ಎಂದು ಟಾರ್ಚ್ ಹಿಡಿದು ನೋಡಿಸಿ. ಅಡಿಯ ಶೀಲ್ಡ್ ಮತ್ತು ಚಕ್ರದ ಒಳಗಿನ ಲೈನರ್ ಕ್ಲಿಪ್ಪುಗಳನ್ನು ಎಣಿಸಿ. ಒಂದು ಕ್ಲಿಪ್ ಹೋಗಿದ್ದರೂ ಹೆದ್ದಾರಿಯ ವೇಗದಲ್ಲಿ ಗಾಳಿ ನುಗ್ಗಿ ಇಡೀ ಶೀಲ್ಡನ್ನು ಎಳೆದುಹಾಕಬಲ್ಲದು. ಬೀಮ್ ಬಾಗಿದ್ದರೆ ಮಾತ್ರ ಚೌಕಾಸಿ ಬೇಡ: ಅದನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿಸಬಾರದು, ಬದಲಿಸಬೇಕು. ಪೆಟ್ಟನ್ನು ಚಾಸಿಸ್‌ಗೆ ಸಾಗಿಸುವ ಭಾಗ ಅದು.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಸೀಳಿದರೆ ಮುಗಿಯಿತು, ಹೊಸದೇ ಹಾಕಿಸಬೇಕು.

ವಾಸ್ತವ: ಬಂಪರ್ ಬಿಚ್ಚಿದಾಗ ಒಳಮೈಯಲ್ಲಿ ಅಚ್ಚು ಹಾಕಿದ ಅಕ್ಷರಗಳನ್ನು ಹುಡುಕಿ. ಬಹುತೇಕ ಕಾರುಗಳಲ್ಲಿ "ಪಿಪಿ" ಅಥವಾ "ಪಿಪಿ + ಇಪಿಡಿಎಂ" ಎಂದಿರುತ್ತದೆ. ಪಾಲಿಪ್ರೊಪಿಲೀನಿಗೆ ರಬ್ಬರಿನ ಗುಣ ಬೆರೆಸಿದ ಪ್ಲಾಸ್ಟಿಕ್ ಅದು. ಬಿಸಿಗೆ ಕರಗಿ, ತಣಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಆದ್ದರಿಂದ ಬೆಸುಗೆ ಹಾಕಬಹುದು.

ಕೆಲಸ ಬಲ್ಲವರು ಮಾಡುವ ಕ್ರಮ ಹೀಗೆ. ಸೀಳು ಮುಂದಕ್ಕೆ ಹರಿಯದಂತೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆಯುತ್ತಾರೆ. ಸೀಳಿನ ಉದ್ದಕ್ಕೂ ಇಳಿಜಾರಾಗಿ ಕಾಲುವೆ ತೋಡುತ್ತಾರೆ. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಆ ಕಾಲುವೆಗೆ ಕೂರಿಸುತ್ತಾರೆ. ಹಿಂಬದಿಗೆ ಸ್ಟೀಲ್ ಜಾಲರಿಯನ್ನೋ, ಬಿಸಿ ಮಾಡಿ ಒತ್ತುವ ಪಿನ್ನುಗಳನ್ನೋ ಹುದುಗಿಸಿ ಬಲ ಕೊಡುತ್ತಾರೆ. ಕಡ್ಡಿ ಬೇರೆ ಜಾತಿಯದಾದರೆ ಮೇಲ್ನೋಟಕ್ಕೆ ಕೂಡಿಕೊಂಡಂತೆ ಕಾಣುತ್ತದೆ, ಮೊದಲ ಹಂಪಿಗೆ ಬಿಟ್ಟುಕೊಳ್ಳುತ್ತದೆ. ಕಡ್ಡಿ ಯಾವುದು ಎಂದು ಕೇಳುವುದು ಗಿರಾಕಿಯ ಹಕ್ಕು. ಕೆಲಸ ತಿಳಿದವರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ.

ಹೊಸ ಬಂಪರ್ ಯಾವಾಗ? ತುಂಡು ಕಳೆದುಹೋಗಿ ಜಾಗ ಬರಿದಾಗಿದ್ದರೆ, ಹೆಡ್‌ಲೈಟಿನ ಅಡಿಯ ಹಿಡಿಕೆಗಳೆಲ್ಲ ಮುರಿದು ಬಂಪರ್ ಸರಿಯಾಗಿ ಕೂರದಿದ್ದರೆ, ಅಥವಾ ಏಟು ರೇಡಾರ್ ಎದುರಿನ ಜಾಗಕ್ಕೇ ಬಿದ್ದಿದ್ದರೆ. ಎಡಾಸ್ (ಚಾಲಕರಿಗೆ ನೆರವಾಗುವ ಸುರಕ್ಷಾ ವ್ಯವಸ್ಥೆ) ಇರುವ ಕಾರುಗಳಲ್ಲಿ ರೇಡಾರ್ ಕಿರಣ ಬಂಪರ್ ಅಥವಾ ಗ್ರಿಲ್ಲಿನ ಮೂಲಕ ಹಾಯಬೇಕು. ಆ ಜಾಗಕ್ಕೆ ದಪ್ಪ ಪುಟ್ಟಿ ಮೆತ್ತಿ ಮೆಟಾಲಿಕ್ ಬಣ್ಣ ಹೊಡೆದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ದಾರಿ ತಪ್ಪಬಹುದು. ಅಂಥ ಕೆಲಸದ ನಂತರ ಸೆನ್ಸರ್ ಕ್ಯಾಲಿಬ್ರೇಶನ್ ಬೇಕು, ಅದಕ್ಕೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ.

ಬಂಪರ್ ಬದಲಿಸುವುದೇ ಆದರೆ ಒಂದು ಚಿಕ್ಕ ಸಂಗತಿ ಮರೆಯಬೇಡಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಮತ್ತೆ ಉಪಯೋಗಕ್ಕೆ ಬಾರದು. ಅದನ್ನು ಅಧಿಕೃತವಾಗಿಯೇ ಮತ್ತೆ ಹಾಕಿಸಿಕೊಳ್ಳಬೇಕು, ಸ್ಕ್ರೂ ಹೊಡೆಸಬೇಡಿ.

ತಪ್ಪು ಕಲ್ಪನೆ: ಫೆವಿಕ್ವಿಕ್, ಎಂ-ಸೀಲ್ ಇದ್ದರೆ ಸಾಕು.

ವಾಸ್ತವ: ಪಾಲಿಪ್ರೊಪಿಲೀನಿನ ಮೇಲ್ಮೈಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ. ಬಣ್ಣವೂ ಅಷ್ಟೇ, ಅದಕ್ಕಾಗಿಯೇ ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು. ದಾರಿಯಲ್ಲಿ ಬಂಪರ್ ಜೋತುಬಿದ್ದರೆ ಊರು ಮುಟ್ಟುವವರೆಗೆ ಕೇಬಲ್ ಟೈ ಬಿಗಿಯುವುದು ಎಲ್ಲಕ್ಕಿಂತ ಒಳ್ಳೆಯದು. ರ‍್ಯಾಲಿ ತಂಡಗಳೂ ಅದನ್ನೇ ಮಾಡುತ್ತವೆ. ಅಂಟು ಸುರಿದರೆ ಆಮೇಲೆ ಬೆಸುಗೆ ಹಾಕುವವರು ಅದನ್ನು ಕೆರೆದು ತೆಗೆಯಬೇಕಾಗುತ್ತದೆ, ಕೂಲಿ ಹೆಚ್ಚುತ್ತದೆ.

ತಪ್ಪು ಕಲ್ಪನೆ: ಕುದಿಯುವ ನೀರು ಸುರಿದರೆ ಯಾವ ನೆಗ್ಗಾದರೂ ಎದ್ದು ಬರುತ್ತದೆ.

ವಾಸ್ತವ: ಅರ್ಧ ನಿಜ. ಬಣ್ಣ ಒಡೆಯದ, ಮಡಿಕೆ ಬೀಳದ, ಅಗಲವಾದ ನೆಗ್ಗು ಬಿಸಿಗೆ ಮೆತ್ತಗಾಗಿ ಹಿಂದಿನಿಂದ ಒತ್ತಿದಾಗ ಏಳುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಎತ್ತರದ ಹಾಸನದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಈ ಪ್ಲಾಸ್ಟಿಕ್ ಕರಗಲು 160 ಡಿಗ್ರಿ ಬೇಕು, ಹಾಗಾಗಿ ನೀರಿನಿಂದ ಬಂಪರ್ ಕರಗುವ ಭಯವಿಲ್ಲ. ಆದರೆ ಚೂಪಾದ ಮಡಿಕೆ ಬಿದ್ದ ಕಡೆ ಬಣ್ಣದ ಪದರ ಆಗಲೇ ಸೀಳಿರುತ್ತದೆ, ನೆಗ್ಗು ಎದ್ದರೂ ಅಲ್ಲಿ ಬಲೆಯಂತೆ ಗೀರು ಉಳಿಯುತ್ತದೆ. ಹೀಟ್ ಗನ್ ಹಿಡಿಯುವವರಿಗೆ ಮಾತ್ರ ಎಚ್ಚರಿಕೆ: ಅದು 160 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಒಂದೇ ಕಡೆ ನಿಲ್ಲಿಸಿದರೆ ಪ್ಲಾಸ್ಟಿಕ್ ಜೋಲುತ್ತದೆ.

ತಪ್ಪು ಕಲ್ಪನೆ: ಕಲರ್ ಕೋಡ್ ಕೊಟ್ಟರೆ ಬಣ್ಣ ತಾನಾಗಿಯೇ ಹೊಂದಿಕೊಳ್ಳುತ್ತದೆ.

ವಾಸ್ತವ: ಕೋಡ್ ಹೇಳುವುದು ಮಿಶ್ರಣದ ಲೆಕ್ಕ ಮಾತ್ರ. ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಬಾನೆಟ್ಟಿನ ಬಣ್ಣ ಬದಲಾಗಿರುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಹೊಳಪಿನ ಚೂರುಗಳು ಯಾವ ಕಡೆಗೆ ಮಲಗಿದವು ಎನ್ನುವುದು ಗನ್ ಹಿಡಿದ ಕೈಯ ವೇಗ, ಗಾಳಿಯ ಒತ್ತಡ, ಥಿನ್ನರಿನ ಮೇಲೆ ನಿಂತಿದೆ. ಕಾರು ಹೊಸದಾಗಿ ಬಂದಾಗಲೇ ಬಂಪರ್ ಮತ್ತು ಫೆಂಡರಿನ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಇರುವುದುಂಟು, ಏಕೆಂದರೆ ಪ್ಲಾಸ್ಟಿಕ್ಕಿಗೆ ಬೇರೆಯಾಗಿ, ಕಡಿಮೆ ಶಾಖದಲ್ಲಿ ಬಣ್ಣ ಹೊಡೆದಿರುತ್ತಾರೆ. ಒಂದು ತಗಡಿನ ಮೇಲೆ ಸ್ಯಾಂಪಲ್ ಹೊಡೆದು, ಬಿಸಿಲಿನಲ್ಲೂ ನೆರಳಿನಲ್ಲೂ ಫೆಂಡರ್ ಪಕ್ಕ ಹಿಡಿದು ತೋರಿಸಿ ಎಂದು ಕೇಳಿ.

ಜಾಗವೂ ಮುಖ್ಯ. ಮುಂಗಾರಿನ ತಿಂಗಳುಗಳಲ್ಲಿ ಅರಕಲಗೂಡಿನ ಮಲೆನಾಡಂಚಿನ ತೇವದಲ್ಲಿ ತೆರೆದ ಶೆಡ್ಡಿನಲ್ಲಿ ಹೊಡೆದ ಕ್ಲಿಯರ್ ಕೋಟ್ ಮಬ್ಬಾಗುವ ಸಾಧ್ಯತೆ ಹೆಚ್ಚು. ಬೇಸಿಗೆಯಲ್ಲಿ ಧೂಳು ಕೂರುತ್ತದೆ. ಪೇಂಟ್ ಬೂತ್ ಇರುವ ಕಡೆ ಕೊಡಿ, ಇಲ್ಲವೇ ಒಳ್ಳೆಯ ಹವೆಗೆ ಕಾಯಿರಿ. ಲೋಹಕ್ಕೆ ಬಳಸುವ ಗಟ್ಟಿ ಪುಟ್ಟಿ ಬಾಗುವ ಬಂಪರಿನಲ್ಲಿ ಒಡೆಯುತ್ತದೆ. ಪ್ಲಾಸ್ಟಿಕ್ಕಿಗೆಂದೇ ಇರುವ ಮೆದು ಪುಟ್ಟಿಯನ್ನು ತೆಳುವಾಗಿ ಹಾಕಬೇಕು.

ಬಣ್ಣದ ಮಾತು ಬಂದಾಗ ಬಣ್ಣ ಹೊಡೆಯುವವರ ಮಾತೂ ಬರಬೇಕು. ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಉಸಿರಿನೊಂದಿಗೆ ಒಳಹೋದರೆ ಆಸ್ತಮಾ ತರಬಹುದು, ಒಮ್ಮೆ ಒಗ್ಗದಂತಾದ ದೇಹಕ್ಕೆ ಆಮೇಲೆ ಸ್ವಲ್ಪ ತಗುಲಿದರೂ ತಡೆಯುವುದಿಲ್ಲ. ಮುಖಕ್ಕೆ ಕಟ್ಟಿಕೊಂಡ ಕರವಸ್ತ್ರ ಅದನ್ನು ತಡೆಯಲಾರದು. ಸರಿಯಾದ ರೆಸ್ಪಿರೇಟರ್, ಇಲ್ಲವೇ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಲಕ್ಷಗಟ್ಟಲೆ ಬೆಲೆಯ ಕಾರು ತರುವವರು ಬಣ್ಣ ಹೊಡೆಯುವ ಹುಡುಗನಿಗೆ ಮಾಸ್ಕ್ ಇದೆಯೇ ಎಂದು ಗ್ಯಾರೇಜ್ ಯಜಮಾನರನ್ನು ಕೇಳಲಿ. ನಾಲ್ಕು ಗಿರಾಕಿಗಳು ಕೇಳಿದರೆ ಐದನೆಯವರು ಬರುವಷ್ಟರಲ್ಲಿ ಮಾಸ್ಕ್ ಬಂದಿರುತ್ತದೆ.

ತಪ್ಪು ಕಲ್ಪನೆ: ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡಿದರಾಯಿತು.

ವಾಸ್ತವ: ಸಣ್ಣ ಬಂಪರ್ ಕೆಲಸಕ್ಕೆ ಕ್ಲೇಮ್ ಮಾಡುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಬಣ್ಣದ ಸಾಮಗ್ರಿಗೂ ಶೇ. 50. ಅದರ ಮೇಲೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಮೊತ್ತ 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 2,000. ವರ್ಟಸ್ ಜಿಟಿಯ 1.5 ಎಂಜಿನ್ ಮೊದಲ ಗುಂಪಿಗೆ, ಆಕ್ಟೇವಿಯಾ ಆರ್‌ಎಸ್ ಎರಡನೆಯದಕ್ಕೆ.

ದೊಡ್ಡ ನಷ್ಟ ಆಗುವುದು ನೋ ಕ್ಲೇಮ್ ಬೋನಸ್ಸಿನಲ್ಲಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಅದು 20, 25, 35, 45, ಕೊನೆಗೆ 50 ಶೇಕಡಕ್ಕೆ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಸೊನ್ನೆ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 16,000 ಎಂದಿಟ್ಟುಕೊಳ್ಳಿ, ಬೋನಸ್ ಶೇ. 45. ಒಂದೇ ವರ್ಷದಲ್ಲಿ 7,200 ರೂಪಾಯಿ ಕೈಬಿಡುತ್ತದೆ, ಮತ್ತೆ ಅದೇ ಮೆಟ್ಟಿಲಿಗೆ ಏರಲು ನಾಲ್ಕು ವರ್ಷ ಬೇಕು. 6,000 ರೂಪಾಯಿಯ ಬೆಸುಗೆ ಮತ್ತು ಪೇಂಟಿಂಗಿಗೆ ಕ್ಲೇಮ್ ಮಾಡಿದರೆ ಲುಕ್ಸಾನು. ಝೀರೋ ಡೆಪ್ ಪಾಲಿಸಿ ಸವಕಳಿಯನ್ನು ಮಾತ್ರ ತಪ್ಪಿಸುತ್ತದೆ. ಬೋನಸ್ ಉಳಿಯಬೇಕಾದರೆ ಅದಕ್ಕೆ ಬೇರೆಯೇ ಆ್ಯಡ್-ಆನ್ ಕೊಂಡಿರಬೇಕು. ಬಿಚ್ಚಿದಾಗ ಕಂಡೆನ್ಸರೋ ಬೀಮೋ ಹೋಗಿದ್ದು ಕಂಡರೆ ಲೆಕ್ಕ ಬೇರೆ, ಆಗ ಧಾರಾಳವಾಗಿ ಕ್ಲೇಮ್ ಮಾಡಿ. ಇನ್ಶೂರೆನ್ಸಿನವರಿಗೆ ತಿಳಿಸುವ ಮೊದಲು ರಿಪೇರಿ ಶುರುಮಾಡಿಸಬೇಡಿ.

ತಪ್ಪು ಕಲ್ಪನೆ: ಮುಂದೆ ಉಕ್ಕಿನ ಗಾರ್ಡ್ ಹಾಕಿಸಿದರೆ ಬಂಪರಿನ ಚಿಂತೆ ಇಲ್ಲ.

ವಾಸ್ತವ: ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಬುಲ್ ಗಾರ್ಡ್ ಅಳವಡಿಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಉಲ್ಲಂಘನೆ, ಕ್ರಮ ಕೈಗೊಳ್ಳಿ ಎಂದು ತಿಳಿಸಿತ್ತು. ಉಕ್ಕಿನ ಕೊಳವೆ ಪೆಟ್ಟನ್ನು ನೇರವಾಗಿ ಚಾಸಿಸ್ಸಿಗೆ ರವಾನಿಸುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಸಮಯವನ್ನು ಕೆಡಿಸಬಹುದು. ಮೆದು ಬಂಪರಿಗೆ ತಗುಲಿದ ಪಾದಚಾರಿ ಬದುಕುವ ಸಾಧ್ಯತೆ ಉಕ್ಕಿಗೆ ತಗುಲಿದವರಿಗಿಂತ ಹೆಚ್ಚು.

ತಪ್ಪು ಕಲ್ಪನೆ: ನಿಧಾನವಾಗಿ ಹೋದರೆ ತಗುಲುವುದಿಲ್ಲ.

ವಾಸ್ತವ: ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟಬಹುದಾದ ಇಳಿಜಾರು. ಊರವರೇ ಹಾಕಿಸಿದ ಕಿರಿದಾದ, ಕಡಿದಾದ ಹಂಪು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತಿದರೆ ಕಾರಿನ ಮೂತಿ ಕೆಳಗಿಳಿದು, ನಿಧಾನವಾಗಿದ್ದರೂ ಉಜ್ಜುತ್ತದೆ. ಹಂಪಿಗೆ ಮೊದಲೇ ವೇಗ ಇಳಿಸಿ, ಚಕ್ರ ಏರುವಾಗ ಬ್ರೇಕಿನಿಂದ ಕಾಲು ತೆಗೆಯಿರಿ. ಪಾರ್ಕಿಂಗಿನಲ್ಲಿ ಕಲ್ಲಿನ ಕಟ್ಟೆ ಎದುರಾದರೆ ಹಿಂಬದಿ ಮಾಡಿ ನಿಲ್ಲಿಸಿ. ಮುಂದುಗಡೆ ನುಗ್ಗಿಸಿದವರು ಹಿಂದೆಗೆಯುವಾಗ ಬಂಪರಿನ ಅಂಚು ಕಲ್ಲಿಗೆ ಸಿಕ್ಕಿ ಹಿಡಿಕೆಗಳ ಸಮೇತ ಕಿತ್ತುಬರುತ್ತದೆ.

ಹುರುಳಿ ಒಕ್ಕಣೆ ನಡೆಯುವ ದಿನಗಳಲ್ಲಿ ಇನ್ನೊಂದು ಕೆಲಸ ಇದೆ. ಕಣಕ್ಕೆ ಜಾಗವಿಲ್ಲದ ರೈತರು ರಸ್ತೆಗೆ ಹರಡುತ್ತಾರೆ, ಅವರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ನಿಧಾನವಾಗಿ ದಾಟಿ, ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, ಬಗ್ಗಿ ಅಡಿಯನ್ನು ನೋಡಿ. ಬಂಪರಿನ ಕೆಳ ಅಂಚು, ಶೀಲ್ಡ್, ಸೈಲೆನ್ಸರ್ ಪೈಪಿಗೆ ಸುತ್ತಿಕೊಂಡ ಒಣ ಬಳ್ಳಿಯನ್ನು ಪೂರ್ತಿ ಎಳೆದುಹಾಕಿ. ಬಿಸಿ ಪೈಪಿಗೆ ತಗುಲಿದ ಹುರುಳಿ ಹೊಟ್ಟು ಹೊತ್ತಿಕೊಂಡರೆ ಮೊದಲು ಹಿಡಿಯುವುದು ಪಕ್ಕದಲ್ಲೇ ಇರುವ ಪ್ಲಾಸ್ಟಿಕ್ಕಿಗೆ.